ಎಲ್ಲಾನೂ 'ಗ್ಯಾಸ್ಟ್ರಿಕ್' ಅಲ್ಲ: ಬಸುರಿನಲ್ಲಿ ಹೊಟ್ಟೆ ಕೊಡೋ ತೊಂದರೆಗಳ ಬಗ್ಗೆ

ನಾನು ಬಸುರಿಯರ ಓಪಿಡಿಯಲ್ಲಿ ನರ್ಸ್ ಆಗಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದೀನಿ, ಅಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಕೇಳಿರೋ ಪದ ಒಂದೇ, ಗ್ಯಾಸ್ಟ್ರಿಕ್. "ಏನಮ್ಮಾ ತೊಂದರೆ" ಅಂದ್ರೆ "ಏನಿಲ್ಲ ಸಿಸ್ಟರ್, ಗ್ಯಾಸ್ಟ್ರಿಕ್ ಅಷ್ಟೇ" ಅಂತಾರೆ. ಎದೆ ಉರಿದ್ರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದ್ರೂ ಗ್ಯಾಸ್ಟ್ರಿಕ್, ಹೊಟ್ಟೆ ತೊಳೆಸಿದ್ರೂ ಗ್ಯಾಸ್ಟ್ರಿಕ್, ನಾಲ್ಕು ದಿನದಿಂದ ಮೋಷನ್ ಆಗಿಲ್ಲ ಅಂದ್ರೂ ಗ್ಯಾಸ್ಟ್ರಿಕ್. ಆಮೇಲೆ ಆ ವಾಕ್ಯದ ಕೊನೇಲಿ ಇರೋ "ಅಷ್ಟೇ" ಇದೆಯಲ್ಲ, ಅದು ನನಗೆ ಇನ್ನೂ ಹೆಚ್ಚು ಬೇಜಾರು ಮಾಡತ್ತೆ. ಯಾಕಂದ್ರೆ ಆ ಹೆಣ್ಣುಮಗಳು ಮೂರು ವಾರದಿಂದ ಕೂತ್ಕೊಂಡೇ ನಿದ್ದೆ ಮಾಡ್ತಿರ್ತಾಳೆ, ಆದ್ರೆ ಮನೇಲಿ ಎಲ್ಲರೂ "ಬಸುರಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ" ಅಂದಿರ್ತಾರೆ, ಹಾಗಾಗಿ ಹೇಳ್ಕೊಳ್ಳೋಕೂ ಒಂಥರಾ ಸಂಕೋಚ. ಇವತ್ತು ನಾನು ಹೇಳೋಕೆ ಬಂದಿರೋದು ಎರಡೇ ಮಾತು. ಇದೆಲ್ಲ ಸಾಮಾನ್ಯ ಅನ್ನೋದು ನಿಜ, ಆದ್ರೆ ಸಾಮಾನ್ಯ ಅಂದ ಮಾತ್ರಕ್ಕೆ ಹಲ್ಲು ಕಚ್ಚಿ ಸಹಿಸ್ಕೊಳ್ಳಲೇಬೇಕು ಅಂತ ಇಲ್ಲ. ಇನ್ನೊಂದು, "ಗ್ಯಾಸ್ಟ್ರಿಕ್" ಅನ್ನೋ ಒಂದೇ ಡಬ್ಬಿಗೆ ಎಲ್ಲಾನೂ ತುಂಬಿದ್ರೆ ಒಂದೊಂದ್ಸಲ ನಿಜವಾದ ಅಪಾಯಾನೂ ಅದರೊಳಗೆ ಮುಚ್ಚಿಹೋಗತ್ತೆ.

ಮೊದಲು, ಹೊಟ್ಟೆ ಯಾಕೆ ಹೀಗೆ ಆಡತ್ತೆ ಅಂತ ನೋಡೋಣ. ಬಸುರಾದಾಗ ಮೈಯಲ್ಲಿ ಪ್ರೊಜೆಸ್ಟಿರಾನ್ ಅನ್ನೋ ಹಾರ್ಮೋನ್ ತುಂಬಾ ಜಾಸ್ತಿ ಆಗತ್ತೆ. ಶುರುವಿನಲ್ಲಿ ಅಂಡಾಶಯ ಅದನ್ನ ಮಾಡತ್ತೆ, ಎರಡು-ಎರಡೂವರೆ ತಿಂಗಳಾಗೋ ಹೊತ್ತಿಗೆ ಆ ಕೆಲಸ ಮಾಸುಚೀಲದ, ಅಂದ್ರೆ ಪ್ಲಾಸೆಂಟಾದ ಪಾಲಿಗೆ ಬರತ್ತೆ. ಅದರ ಮುಖ್ಯ ಕೆಲಸಗಳಲ್ಲಿ ಒಂದು ಗರ್ಭಕೋಶದ ಸ್ನಾಯು ಬಿಗಿಯಾಗದ ಹಾಗೆ, ಸಡಿಲವಾಗಿ, ಶಾಂತವಾಗಿ ಇಡೋದು. ಅದು ಬೇಕು, ಇಲ್ಲಾಂದ್ರೆ ಮಗು ನಿಲ್ಲಲ್ಲ. ಆದ್ರೆ ಹಾರ್ಮೋನ್ ರಕ್ತದಲ್ಲಿ ಹರಿಯೋದು, ಅದಕ್ಕೆ ಗರ್ಭಕೋಶ ಯಾವುದು, ಕರುಳು ಯಾವುದು ಅಂತ ಭೇದ ಇಲ್ಲ. ಗರ್ಭಕೋಶದಲ್ಲಿರೋ ತರದ ಸ್ನಾಯುಗಳೇ ಅನ್ನನಾಳದಲ್ಲಿ, ಕರುಳಿನಲ್ಲಿ, ಪಿತ್ತಕೋಶದಲ್ಲೂ ಇವೆ, ಅವೂ ಸಡಿಲ ಆಗ್ತವೆ. ಅನ್ನನಾಳ ಹೊಟ್ಟೆಗೆ ಸೇರೋ ಕಡೆ ಬಾಯಿ ಮುಚ್ಚೋ ಬಳೆ ತರದ ಸ್ನಾಯು ಸಡಿಲ ಆದ್ರೆ ಹುಳಿ ಮೇಲಕ್ಕೆ ಬರತ್ತೆ, ಕರುಳು ನಿಧಾನ ಆದ್ರೆ ಮಲ ಅಲ್ಲೇ ಕೂತು ಅದರಲ್ಲಿರೋ ನೀರನ್ನೆಲ್ಲ ಕರುಳು ಹೀರ್ಕೊಂಡು ಗಟ್ಟಿ ಆಗತ್ತೆ, ಪಿತ್ತಕೋಶ ಪೂರ್ತಿ ಖಾಲಿ ಆಗದೆ ಇದ್ರೆ ಕಲ್ಲು ಆಗೋ ಸಾಧ್ಯತೆ ಜಾಸ್ತಿ. ಅಂದ್ರೆ ಮಗುನ ಹಿಡಿದಿಟ್ಟುಕೊಂಡಿರೋ ಹಾರ್ಮೋನೇ ನಿಮ್ಮ ನಿದ್ದೆನೂ ಕೆಡಿಸ್ತಿರೋದು. ನೀವು ಏನೋ ತಪ್ಪು ತಿಂದ್ರಿ ಅಂತಲ್ಲ. ಇದನ್ನ ನಾನು ಒತ್ತಿ ಹೇಳ್ತಿರೋದು ಯಾಕಂದ್ರೆ "ಅದು ತಿಂದೆಯಲ್ಲ, ಅದಕ್ಕೇ ಹೀಗಾಯ್ತು" ಅಂತ ಅನ್ನಿಸ್ಕೊಂಡು ಅತ್ತಿರೋ ಎಷ್ಟೋ ಜನರನ್ನ ನಾನು ನೋಡಿದೀನಿ.

ಇನ್ನೊಂದು ಕಾರಣ ಬರೀ ಜಾಗದ್ದು. ಬಸುರಿಗೆ ಮೊದಲು ಗರ್ಭಕೋಶದ ತೂಕ ಅರವತ್ತು ಎಪ್ಪತ್ತು ಗ್ರಾಂ ಇರತ್ತೆ, ದಿನ ತುಂಬೋ ಹೊತ್ತಿಗೆ ಹತ್ತಿರ ಹತ್ತಿರ ಒಂದು ಕಿಲೋ ಆಗತ್ತೆ, ಅದು ಬರೀ ಗರ್ಭಕೋಶದ್ದು, ಮಗು, ನೀರು, ಮಾಸು ಬೇರೆ. 36 ವಾರದ ಹೊತ್ತಿಗೆ ಅದು ಎದೆಗೂಡಿನ ಕೆಳಗಿನ ತುದಿವರೆಗೂ ಬಂದಿರತ್ತೆ, ಹೊಟ್ಟೆ ಚೀಲ ಕರುಳು ಎಲ್ಲಾನೂ ಮೇಲಕ್ಕೆ ಪಕ್ಕಕ್ಕೆ ಒತ್ತಿರತ್ತೆ. ಅದಕ್ಕೇ ಎರಡು ತುತ್ತಿಗೇ ಹೊಟ್ಟೆ ತುಂಬ್ತು ಅನ್ಸತ್ತೆ. ಕೊನೇ ವಾರಗಳಲ್ಲಿ ಮಗು ತಲೆ ಕೆಳಗಿಳಿದಾಗ ಕೆಲವರಿಗೆ ಒಂದು ದಿನ ಬೆಳಗ್ಗೆ ಎದ್ದಾಗ ಉಸಿರಾಟಾನೂ ಎದೆಯುರಿನೂ ಹಗುರ ಆಗಿರತ್ತೆ, ಆದ್ರೆ ಆಗ ಮೂತ್ರಕೋಶದ ಮೇಲೆ ಭಾರ ಬಿದ್ದು ಗಂಟೆಗೊಂದ್ಸಲ ಟಾಯ್ಲೆಟ್‌ಗೆ ಓಡ್ಬೇಕಾಗತ್ತೆ, ಅದಿರಲಿ.

ಈಗ ವಾಕರಿಕೆಗೆ ಬರೋಣ, ಯಾಕಂದ್ರೆ ಮೊದಲು ಬರೋದೇ ಅದು. ಹತ್ತರಲ್ಲಿ ಏಳೆಂಟು ಜನಕ್ಕೆ ಬರತ್ತೆ. ಆರನೇ ವಾರದ ಹತ್ತಿರ ಶುರುವಾಗಿ, ಒಂಬತ್ತನೇ ವಾರದ ಸುತ್ತ ಜೋರಾಗಿ, ಹೆಚ್ಚಿನವರಿಗೆ ನಾಲ್ಕು ತಿಂಗಳು ಆಗೋದ್ರೊಳಗೆ ಇಳಿಯತ್ತೆ. ಕೆಲವರಿಗೆ ಮಾತ್ರ ಕೊನೇವರೆಗೂ ಬಿಡಲ್ಲ. ಮಾರ್ನಿಂಗ್ ಸಿಕ್‌ನೆಸ್ ಅಂತ ಹೆಸರಿಟ್ಟಿದಾರೆ, ಆದ್ರೆ ಬೆಳಗ್ಗೆ ಮಾತ್ರ ಬರತ್ತೆ ಅನ್ನೋದು ಸುಳ್ಳು, ಸಾಯಂಕಾಲ ಬರೋರು, ರಾತ್ರಿ ಬರೋರು, ಇಡೀ ದಿನ ತಲೆ ಎತ್ತೋಕಾಗದೆ ಇರೋರು ಎಲ್ಲಾ ಇದಾರೆ.

ತುಂಬಾ ವರ್ಷ ಇದಕ್ಕೆ ಕಾರಣಾನೇ ಸರಿಯಾಗಿ ಗೊತ್ತಿರಲಿಲ್ಲ, ಮನಸ್ಸಿನ ಕಾಯಿಲೆ, ಮಗು ಬೇಡ ಅನ್ನೋ ಭಾವನೆ ಒಳಗಿದೆ ಅಂತೆಲ್ಲ ವೈದ್ಯರೇ ಬರೆದಿದ್ದ ಕಾಲ ಇತ್ತು. 2023ರ ಕೊನೇಲಿ ಒಂದು ದೊಡ್ಡ ಸಂಶೋಧನೆ ಬಂತು, ಮಾರ್ಲಿನಾ ಫೆಯ್ಜೊ ಮತ್ತೆ ಸ್ಟೀಫನ್ ಓ'ರಾಹಿಲಿ ಅನ್ನೋ ವಿಜ್ಞಾನಿಗಳ ತಂಡಗಳದ್ದು. ಜಿಡಿಎಫ್ 15 ಅನ್ನೋ ಒಂದು ಹಾರ್ಮೋನ್ ಇದೆ, ಬಸುರಿನಲ್ಲಿ ಇದು ಮುಖ್ಯವಾಗಿ ಮಗುವಿನ ಕಡೆಯಿಂದ, ಮಾಸುಚೀಲದಿಂದ ಬರತ್ತೆ, ತಾಯಿಯ ಮೆದುಳಲ್ಲಿ ವಾಂತಿ ಎಬ್ಬಿಸೋ ಜಾಗಕ್ಕೆ ಹೋಗಿ ತಟ್ಟತ್ತೆ. ಬಸುರಿಗೆ ಮೊದಲು ಯಾರ ಮೈಯಲ್ಲಿ ಈ ಹಾರ್ಮೋನ್ ಕಮ್ಮಿ ಇತ್ತೋ ಅವರಿಗೆ ಅಭ್ಯಾಸ ಇಲ್ಲದ ಕಾರಣ ಜಾಸ್ತಿ ತೊಂದರೆ ಆಗತ್ತೆ, ಮೊದಲಿಂದಾನೇ ಹೆಚ್ಚು ಇದ್ದವರಿಗೆ ಕಮ್ಮಿ. ಫೆಯ್ಜೊ ಅವರ ವಿಷಯ ಯಾಕೆ ಹೇಳ್ತೀನಿ ಅಂದ್ರೆ ಅವರು ಸ್ವತಃ ತಮ್ಮ ಬಸುರಿನಲ್ಲಿ ವಿಪರೀತ ವಾಂತಿಯಿಂದ ಮಲಗಿಬಿಟ್ಟು, ಮಗುನ ಕಳ್ಕೊಂಡು, ಆಮೇಲೆ ಇದನ್ನೇ ತಮ್ಮ ಕೆಲಸ ಮಾಡ್ಕೊಂಡವರು. ಒಬ್ಬ ಹೆಂಗಸು "ಇದು ನನ್ನ ಮನಸ್ಸಿನದಲ್ಲ" ಅಂತ ಹಟ ಹಿಡಿದು ಹುಡುಕಿದ್ದಕ್ಕೆ ಇವತ್ತು ನಾವು ಇದನ್ನ ಧೈರ್ಯವಾಗಿ ಹೇಳೋಕಾಗ್ತಿದೆ.

ಮನೇಲಿ ಏನು ಮಾಡ್ಬಹುದು ಅಂದ್ರೆ, ಮೊದಲನೇದು ಹೊಟ್ಟೆ ಖಾಲಿ ಬಿಡ್ಬೇಡಿ. ಇದು ಕೇಳೋಕೆ ಉಲ್ಟಾ ಅನ್ಸತ್ತೆ, ವಾಂತಿ ಬರ್ತಿದೆ ಅಂತ ಊಟಾನೇ ಬಿಡ್ತಾರೆ, ಆದ್ರೆ ಖಾಲಿ ಹೊಟ್ಟೆಯೇ ವಾಕರಿಕೆನ ಜಾಸ್ತಿ ಮಾಡೋದು. ರಾತ್ರಿ ಮಲಗುವಾಗ ಹಾಸಿಗೆ ಪಕ್ಕ ಏನಾದ್ರೂ ಒಣ ತಿಂಡಿ ಇಟ್ಕೊಳ್ಳಿ, ಬಿಸ್ಕತ್ತೋ ಒಣ ಬ್ರೆಡ್ಡೋ, ಬೆಳಗ್ಗೆ ಎದ್ದು ನಿಲ್ಲೋಕೆ ಮುಂಚೆ ಮಲಗಿದ್ದಲ್ಲೇ ಎರಡು ತುಂಡು ತಿಂದು ಹದಿನೈದು ನಿಮಿಷ ಬಿಟ್ಟು ಏಳಿ. ದಿನಕ್ಕೆ ಮೂರು ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ಊಟದ ಜೊತೆ ಲೋಟಗಟ್ಟಲೆ ನೀರು ಕುಡೀಬೇಡಿ, ಊಟ ಬೇರೆ ನೀರು ಬೇರೆ, ಮಧ್ಯ ಅರ್ಧ ಗಂಟೆ ಇರಲಿ, ಆದ್ರೆ ದಿನವಿಡೀ ಗುಟುಕು ಗುಟುಕಾಗಿ ಕುಡೀತಾ ಇರಿ. ವಾಸನೆ ತಡೆಯೋಕಾಗಲ್ಲ ಅನ್ನೋರು ಬಿಸಿಬಿಸಿ ಊಟಕ್ಕಿಂತ ಆರಿದ್ದನ್ನ ತಿನ್ನಿ, ಬಿಸಿ ಊಟದ ವಾಸನೆ ಮೂಗಿಗೆ ಜಾಸ್ತಿ ಹೊಡೆಯತ್ತೆ. ಶುಂಠಿ ನಿಜವಾಗ್ಲೂ ಕೆಲಸ ಮಾಡತ್ತೆ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರ ಆರೈಕೆಗೆ ಕೊಟ್ಟ ಸಲಹೆಗಳಲ್ಲೇ ಶುಂಠಿ ಮತ್ತೆ ವಿಟಮಿನ್ ಬಿ-6 ಎರಡೂ ಇವೆ. ಅಯ್ಯೋ ಈ ಮೂರು ತಿಂಗಳು ಸರಿಯಾಗಿ ತಿನ್ಲಿಲ್ಲ, ಮಗುಗೆ ಏನಾಗತ್ತೋ ಅಂತ ಒದ್ದಾಡ್ಬೇಡಿ. ಮಗು ಆಗ ಬೆರಳುದ್ದ ಇರತ್ತೆ, ಅದಕ್ಕೆ ಬೇಕಾದಷ್ಟು ನಿಮ್ಮ ಮೈಯಿಂದ ಸಿಗತ್ತೆ, ಆ ಕಾಲಕ್ಕೆ ನಿಮಗೆ ಏನು ಸೇರತ್ತೋ ಅದೇ ಸರಿಯಾದ ಊಟ. ಹಾಗೇ ವಾಕರಿಕೆನೇ ಬರಲಿಲ್ಲ ಅಂದ್ರೆ ಬಸುರಿನಲ್ಲಿ ಏನೋ ಎಡವಟ್ಟು ಅಂತಾನೂ ಅಲ್ಲ.

ವಾಂತಿ ಆದ ತಕ್ಷಣ ಹಲ್ಲುಜ್ಜೋಕೆ ಹೋಗ್ಬೇಡಿ, ಆಸಿಡ್ ತಾಗಿ ಹಲ್ಲಿನ ಮೇಲ್ಪದರ ಮೆತ್ತಗಾಗಿರತ್ತೆ, ಉಜ್ಜಿದ್ರೆ ಸವೆಯತ್ತೆ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಇಲ್ಲಿ ಮಾತ್ರೆ ವಿಷಯ ಬಂದಾಗ ನಾನು ಸ್ವಲ್ಪ ಬೇರೆ ಕಡೆ ಹೋಗ್ತೀನಿ, ಆದ್ರೆ ಹೇಳಲೇಬೇಕು. "ಬಸುರಿನಲ್ಲಿ ಯಾವ ಮಾತ್ರೆನೂ ತಗೋಬಾರದು" ಅನ್ನೋ ಭಯ ಎಲ್ಲಾ ಕಡೆ ಇದೆ, ಅದು ಗಾಳಿಮಾತಲ್ಲ, ಅದರ ಹಿಂದೆ ಒಂದು ನಿಜವಾದ ಘೋರ ಘಟನೆ ಇದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಅನ್ನೋ ಮಾತ್ರೆ ಮಾರುಕಟ್ಟೆಗೆ ಬಂತು, ನಿದ್ದೆಗೆ ಅಂತ, ಬಸುರಿನ ವಾಕರಿಕೆಗೂ ಅಂತ. ತುಂಬಾ ಸೇಫ್ ಅಂತ ಹೇಳಿ ಎಷ್ಟೋ ದೇಶಗಳಲ್ಲಿ ಮಾರಿದ್ರು. 1961ರಲ್ಲಿ ಅದನ್ನ ವಾಪಸ್ ತಗೊಳ್ಳೋ ಹೊತ್ತಿಗೆ ಪ್ರಪಂಚದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೀದೆ ಹುಟ್ಟಿದ್ದೋ ಇನ್ನೇನೋ ಅಂಗದೋಷದ ಜೊತೆ ಹುಟ್ಟಿದ್ದೋ ಆಗಿತ್ತು. ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಅನ್ನೋ ಅಧಿಕಾರಿ ಎಷ್ಟು ಒತ್ತಡ ಬಂದ್ರೂ ಪರ್ಮಿಶನ್ ಕೊಡಲಿಲ್ಲ, ಅದರಿಂದ ಅಲ್ಲಿ ಬಹಳಷ್ಟು ಮಕ್ಕಳು ಉಳ್ಕೊಂಡ್ರು. ಆದ್ರೆ ಕತೆಯ ಇನ್ನೊಂದು ಅರ್ಧ ಯಾರೂ ಹೇಳಲ್ಲ. ಅದೇ ಅಮೆರಿಕದಲ್ಲಿ ಡಾಕ್ಸಿಲಮೀನ್ ಮತ್ತೆ ವಿಟಮಿನ್ ಬಿ-6 ಸೇರಿಸಿದ ಇನ್ನೊಂದು ವಾಂತಿ ಮಾತ್ರೆ ಇತ್ತು, ಒಳ್ಳೇ ಮಾತ್ರೆ. ಥಾಲಿಡೊಮೈಡ್ ಭಯದ ನೆರಳಲ್ಲಿ ಅದರ ಮೇಲೂ ಕೇಸುಗಳು ಬಿದ್ದು 1983ರಲ್ಲಿ ಕಂಪನಿ ಅದನ್ನ ನಿಲ್ಲಿಸ್ತು, ಅಷ್ಟೊಂದು ಪರೀಕ್ಷೆಗಳಲ್ಲಿ ಅದರಿಂದ ಮಗುಗೆ ದೋಷ ಬರತ್ತೆ ಅಂತ ಸಾಬೀತಾಗಿರಲಿಲ್ಲ. ಮಾತ್ರೆ ಹೋದ್ಮೇಲೆ ವಾಂತಿಗಾಗಿ ಆಸ್ಪತ್ರೆ ಸೇರೋ ಬಸುರಿಯರು ಜಾಸ್ತಿ ಆದ್ರು. ಕೊನೆಗೆ 2013ರಲ್ಲಿ ಅದೇ ಜೋಡಿ ಮಾತ್ರೆಗೆ ಮತ್ತೆ ಅನುಮತಿ ಸಿಕ್ತು. ಹೆದರಿಕೆಯಿಂದ ಆಗೋ ನಷ್ಟ ಕೂಡ ನಷ್ಟಾನೇ ಅಲ್ವಾ. ನೀವೇ ಅಂಗಡಿಗೆ ಹೋಗಿ ಮಾತ್ರೆ ತರ್ಬೇಡಿ, ಆದ್ರೆ ಡಾಕ್ಟರ್ ಯೋಚನೆ ಮಾಡಿ ಬರೆದುಕೊಟ್ಟ ಮಾತ್ರೆನ ಮನೆಗೆ ಹೋಗಿ ಡ್ರಾಯರ್‌ನಲ್ಲಿ ಬಚ್ಚಿಡಲೂ ಬೇಡಿ.

ಯಾವಾಗ ಕಾಯಬಾರದು ಅಂದ್ರೆ, ಕುಡಿದ ನೀರೂ ನಿಲ್ಲದೆ ಒಂದು ದಿನ ಕಳೀತು, ಮೂತ್ರ ಕಡು ಬಣ್ಣಕ್ಕೆ ತಿರುಗಿದೆ ಅಥವಾ ಎಂಟು ಗಂಟೆಯಿಂದ ಆಗೇ ಇಲ್ಲ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರತ್ತೆ, ಬಸುರಿಗೆ ಮೊದಲಿದ್ದ ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದಿದೆ, ಅಂದ್ರೆ ಅರವತ್ತು ಕಿಲೋ ಇದ್ದವರು ಮೂರು ಕಿಲೋ ಇಳಿದಿದಾರೆ, ವಾಂತಿಯಲ್ಲಿ ರಕ್ತ ಇದೆ, ಇವುಗಳಲ್ಲಿ ಯಾವುದಿದ್ರೂ ಆಸ್ಪತ್ರೆಗೆ. ಡ್ರಿಪ್ ಹಾಕಿದ್ರೆ ಅರ್ಧ ದಿನದಲ್ಲಿ ಜೀವ ಬಂದ ಹಾಗಾಗತ್ತೆ, ಅದನ್ನ ನಾನು ನೂರಾರು ಸಲ ಕಣ್ಣಾರೆ ನೋಡಿದೀನಿ.

ಎದೆಯುರಿ. ಇದರ ಬಗ್ಗೆ ನಾನು ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ಇಲ್ಲಿ ಚಿಕ್ಕ ಚಿಕ್ಕ ಬದಲಾವಣೆಯಿಂದಾನೇ ತುಂಬಾ ಸುಖ ಸಿಗತ್ತೆ. ಮೊದಲನೇದು ಮಲಗೋ ರೀತಿ. ಊಟ ಆದ್ಮೇಲೆ ಎರಡು ಮೂರು ಗಂಟೆ ಮಲಗ್ಬೇಡಿ, ರಾತ್ರಿ ಊಟ ಬೇಗ ಮುಗಿಸಿ, ಅದನ್ನೇ ದಿನದ ದೊಡ್ಡ ಊಟ ಮಾಡ್ಕೋಬೇಡಿ. ಮಲಗುವಾಗ ಎಡಗಡೆ. ಹೊಟ್ಟೆ ಚೀಲದ ದಪ್ಪ ಭಾಗ ಎಡಕ್ಕೆ ಇರತ್ತೆ, ಎಡಕ್ಕೆ ಮಲಗಿದಾಗ ಆಸಿಡ್ ಆ ಹಳ್ಳದಲ್ಲಿ ನಿಲ್ಲತ್ತೆ, ಅನ್ನನಾಳದ ಬಾಯಿ ಅದಕ್ಕಿಂತ ಮೇಲಿರತ್ತೆ. ಬಲಕ್ಕೆ ಹೊರಳಿದ್ರೆ ಬಾಯಿ ಕೆಳಗೆ, ಆಸಿಡ್ ಮೇಲೆ, ಸೀದಾ ಗಂಟಲಿಗೆ. ಆರು ತಿಂಗಳು ದಾಟಿದ್ಮೇಲೆ ಹೇಗೂ ಬೆನ್ನ ಮೇಲೆ ಅಂಗಾತ ಮಲಗೋದು ಒಳ್ಳೇದಲ್ಲ, ಮಗುಗೆ ಹೋಗೋ ರಕ್ತಕ್ಕೆ ಅಡ್ಡಿ ಆಗತ್ತೆ, ಹಾಗಾಗಿ ಪಕ್ಕಕ್ಕೆ ಮಲಗೋ ಅಭ್ಯಾಸ ಎರಡು ಲಾಭ.

ಎರಡನೇದು ದಿಂಬು. ಎಲ್ಲರೂ ತಲೆ ಕೆಳಗೆ ಮೂರು ದಿಂಬು ಇಟ್ಕೊಂಡು "ತಲೆ ಎತ್ತರದಲ್ಲೇ ಇದೆ ಆದ್ರೂ ಉರಿ ಹೋಗ್ಲಿಲ್ಲ" ಅಂತಾರೆ. ತಲೆ ಮಾತ್ರ ಎತ್ತಿದ್ರೆ ಕುತ್ತಿಗೆ ಬಾಗತ್ತೆ, ನಡು ಮಡಚತ್ತೆ, ಹೊಟ್ಟೆ ಮೇಲೆ ಇನ್ನೂ ಒತ್ತಡ ಬೀಳತ್ತೆ. ಎತ್ತರ ಬೇಕಿರೋದು ತಲೆಗಲ್ಲ, ಎದೆಗೆ. ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ಅಲ್ಲಾಡದ ಹಾಗೆ ಗಟ್ಟಿ ಮರದ ತುಂಡಿಟ್ಟು ಹದಿನೈದು ಇಪ್ಪತ್ತು ಸೆಂಟಿಮೀಟರ್ ಎತ್ತರ ಮಾಡಿ, ಇಲ್ಲಾಂದ್ರೆ ಸೊಂಟದಿಂದಾನೇ ಇಳಿಜಾರಾಗಿ ಬರೋ ದಿಂಬು ಹಾಕಿ. ನನ್ನ ಎರಡನೇ ಬಸುರಿನಲ್ಲಿ ನಾನು ಎರಡು ತಿಂಗಳು ಕುರ್ಚಿಯಲ್ಲೇ ರಾತ್ರಿ ಕಳೆದಿದ್ದೆ, ಮರದ ತುಂಡಿನ ವಿಷಯ ಹೇಳಿದ್ದು ನಮ್ಮ ವಾರ್ಡಿನ ಹಿರಿಯ ಆಯಾ ಒಬ್ಬರು, ಅವತ್ತು ರಾತ್ರಿ ನಾನು ಆರು ಗಂಟೆ ನಿದ್ದೆ ಮಾಡಿದೆ. ಅದನ್ನ ಇವತ್ತಿಗೂ ಮರೆತಿಲ್ಲ.

ತಿನ್ನೋದರಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಇಲ್ಲ. ಎಣ್ಣೆ ಜಿಡ್ಡು, ತುಂಬಾ ಖಾರ, ಕಾಫಿ, ಚಾಕಲೇಟ್, ಹುಳಿ ಹಣ್ಣು ತುಂಬಾ ಜನಕ್ಕೆ ಆಗಲ್ಲ. ಪುದೀನ ತಿಂದ್ರೆ ತಂಪು ಅಂತ ಅನ್ಕೋತಾರೆ, ಆದ್ರೆ ಅದು ಆ ಬಳೆ ಸ್ನಾಯುನ ಇನ್ನೂ ಸಡಿಲ ಮಾಡ್ಬಹುದು. ಒಂದು ವಾರ ಚೀಟಿಯಲ್ಲಿ ಬರೆದಿಡಿ, ಏನು ತಿಂದ್ರಿ, ಯಾವಾಗ ಉರಿ ಬಂತು, ನಿಮಗೆ ಆಗದ ಮೂರು ನಾಲ್ಕು ಪದಾರ್ಥ ಸಿಗತ್ತೆ, ಅವನ್ನ ಮಾತ್ರ ಬಿಡಿ. ಭಯಕ್ಕೆ ಎಲ್ಲಾನೂ ಬಿಟ್ಟು ಗಂಜಿ ಕುಡ್ಕೊಂಡು ಕೂರ್ಬೇಡಿ, ಮಗು ಬೆಳೆಯೋ ಕಾಲ ಅದು. ಹಾಗೇ "ಇಬ್ಬರಿಗೆ ತಿನ್ನು" ಅಂತ ಒತ್ತಾಯ ಮಾಡಿ ಬಡಿಸೋರಿಗೆ ಒಂದು ಮಾತು, ಇಬ್ಬರಿಗೆ ಬೇಕಾದ ಪೌಷ್ಟಿಕಾಂಶ ಬೇಕು ನಿಜ, ಇಬ್ಬರ ಪ್ರಮಾಣ ಬೇಡ, ಆ ಹೊಟ್ಟೆಯಲ್ಲಿ ಒಬ್ಬರ ಊಟಕ್ಕೇ ಜಾಗ ಇಲ್ಲ.

ಇಷ್ಟಕ್ಕೂ ಕಮ್ಮಿ ಆಗಲಿಲ್ಲ ಅಂದ್ರೆ ಆಂಟಾಸಿಡ್ ಇದೆ, ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಇರೋದು ಸಾಮಾನ್ಯವಾಗಿ ಕೊಡ್ತಾರೆ, ಅದಕ್ಕೂ ಬಗ್ಗದಿದ್ರೆ ಆಸಿಡ್ ಕಮ್ಮಿ ಮಾಡೋ ಮಾತ್ರೆಗಳಿವೆ, ಡಾಕ್ಟರ್ ಬರೀತಾರೆ. ಅಡುಗೆ ಸೋಡಾ ಕಲಸಿ ಕುಡಿಯೋದು ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ, ಮೈಯಲ್ಲಿ ನೀರು ನಿಲ್ಲತ್ತೆ, ರಕ್ತದ ಸಮತೋಲನ ಕೆಡತ್ತೆ. ಆಂಟಾಸಿಡ್ ಮತ್ತೆ ಐರನ್ ಮಾತ್ರೆ ಒಟ್ಟಿಗೆ ನುಂಗಬೇಡಿ, ಐರನ್ ಮೈಗೆ ಹತ್ತಲ್ಲ, ಎರಡಕ್ಕೂ ಮಧ್ಯ ಎರಡು ಗಂಟೆ ಅಂತರ ಇರಲಿ. ಇನ್ನೊಂದು ಮುಖ್ಯ, ಮನೇಲಿ ಬೇರೆ ಯಾರಿಗೋ ಹೊಟ್ಟೆ ಅಲ್ಸರ್‌ಗೆ ಅಂತ ಕೊಟ್ಟ ಮಾತ್ರೆನ ತಗೋಳೋದೇ ಬೇಡ. ಮಿಸೊಪ್ರೊಸ್ಟಾಲ್ ಅಂತ ಒಂದಿದೆ, ಅಲ್ಸರ್ ತಡೆಯೋಕೆ ಕೊಡೋದು, ಅದು ಗರ್ಭಕೋಶನ ಹಿಂಡಿ ಬಸುರು ಇಳಿಸಿಬಿಡತ್ತೆ.

ಹಿಂದಿನ ಸಾಲಿನಲ್ಲಿ ಒಬ್ರು ಕೇಳಿದ್ರು, ಎದೆಯುರಿ ಜಾಸ್ತಿ ಇದ್ರೆ ಮಗುಗೆ ತಲೆಗೂದಲು ಜಾಸ್ತಿ ಅಂತಾರಲ್ಲ ಅಂತ. ನಾನೂ ಅದನ್ನ ತಳ್ಳಿಹಾಕ್ತಿದ್ದೆ. ಆದ್ರೆ 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 64 ಜನ ಬಸುರಿಯರನ್ನ ಇಟ್ಕೊಂಡು ಪರೀಕ್ಷೆ ಮಾಡಿದ್ರು, ಸುಳ್ಳು ಅಂತ ತೋರಿಸೋಣ ಅಂತ ಹೊರಟವರಿಗೆ ಜಾಸ್ತಿ ಉರಿ ಇದ್ದವರ ಮಕ್ಕಳಿಗೆ ನಿಜಕ್ಕೂ ಕೂದಲು ಜಾಸ್ತಿ ಕಂಡಿತು. ಸಣ್ಣ ಪರೀಕ್ಷೆ, ಕಾರಣ ಬಹುಶಃ ಎರಡಕ್ಕೂ ಅದೇ ಹಾರ್ಮೋನ್‌ಗಳು. ಆದ್ರೆ ಕೂದಲು ಬರತ್ತೆ ಅಂತ ಉರಿ ತಡ್ಕೊಂಡು ಕೂರ್ಬೇಡಿ, ಔಷಧಿ ತಗೊಂಡ್ರೆ ಕೂದಲೇನೂ ಉದುರಲ್ಲ.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯ, ಮಲಬದ್ಧತೆ. ಪ್ರೊಜೆಸ್ಟಿರಾನ್ ಕರುಳನ್ನ ನಿಧಾನ ಮಾಡಿರತ್ತೆ, ಅದರ ಮೇಲೆ ಐರನ್ ಮಾತ್ರೆ. ನಾನು ಕೇಳ್ತೀನಿ, ಐರನ್ ತಗೋತಿದೀರಾ ಅಂತ, ಎಲ್ಲರೂ ಹೂಂ ಅಂತಾರೆ. ರಕ್ತ ಪರೀಕ್ಷೆ ಮಾಡಿದ್ರೆ ಹಿಮೋಗ್ಲೋಬಿನ್ ಏರೇ ಇರಲ್ಲ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಕರ್ಕೊಂಡು ಹೋಗಿ ಕೇಳಿದ್ರೆ, "ಸಿಸ್ಟರ್, ಅದು ತಗೊಂಡ್ರೆ ಮೋಷನ್ ಕಲ್ಲು ಆಗತ್ತೆ, ರಕ್ತ ಬರತ್ತೆ, ಅದಕ್ಕೆ ಬಿಟ್ಟುಬಿಟ್ಟೆ, ಬೈತೀರಾ ಅಂತ ಹೇಳಲಿಲ್ಲ". ಬೈಯಬಾರದು ಅಂತ ನಾನು ಕಲಿತಿದ್ದು ಇಂಥ ಉತ್ತರಗಳಿಂದಾನೇ. ನೋಡಿ, ಐರನ್ ಬೇಕೇ ಬೇಕು, ಹೆರಿಗೆಯಲ್ಲಿ ರಕ್ತ ಹೋದಾಗ ಅದೇ ಕಾಯೋದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 30ರಿಂದ 60 ಮಿಲಿಗ್ರಾಂ. ಆದ್ರೆ ಬಿಡೋದಕ್ಕೂ ನುಂಗಿ ನರಳೋದಕ್ಕೂ ಮಧ್ಯ ದಾರಿಗಳಿವೆ, ಡಾಕ್ಟರ್ ಬೇರೆ ತರದ ಐರನ್ ಬರೀಬಹುದು, ಡೋಸ್ ಬದಲಾಯಿಸ್ಬಹುದು, ಕೆಲವರಿಗೆ ದಿನ ಬಿಟ್ಟು ದಿನ ಕೊಡ್ಬಹುದು, ತೀರಾ ಆಗದಿದ್ರೆ ನರದ ಮೂಲಕ ಕೊಡ್ಬಹುದು. ಇದೆಲ್ಲ ಆಗ್ಬೇಕಂದ್ರೆ ನೀವು ನಿಜ ಹೇಳ್ಬೇಕು ಅಷ್ಟೇ. ಐರನ್ ತಗೊಂಡಾಗ ಮಲ ಕಪ್ಪು ಹಸಿರಾಗಿ ಬರತ್ತೆ, ಅದಕ್ಕೆ ಹೆದರ್ಬೇಡಿ. ಟಾರ್ ತರ ಅಂಟಂಟಾಗಿ, ಹೊಳೀತಾ, ಕೆಟ್ಟ ವಾಸನೆ ಜೊತೆ ಬಂದ್ರೆ ಅದು ಬೇರೆ, ಒಳಗೆ ರಕ್ತ ಹೋಗ್ತಿರ್ಬಹುದು, ತೋರಿಸಿ.

ನಾರಿನಂಶ ದಿನಕ್ಕೆ 25ರಿಂದ 30 ಗ್ರಾಂ ಬೇಕು, ತರಕಾರಿ, ಸಿಪ್ಪೆ ಸಮೇತ ತಿನ್ನೋ ಹಣ್ಣು, ಕಾಳು, ತವುಡು ತೆಗೆಯದ ಧಾನ್ಯ. ಆದ್ರೆ ಇವತ್ತು ಕೇಳಿ ನಾಳೆನೇ ಒಂದು ಬುಟ್ಟಿ ಸೊಪ್ಪು ತಿಂದ್ರೆ ಹೊಟ್ಟೆ ಡೊಳ್ಳಾಗತ್ತೆ, ಎರಡು ವಾರದಲ್ಲಿ ನಿಧಾನವಾಗಿ ಏರಿಸಿ, ಜೊತೆಗೆ ನೀರು, ನೀರಿಲ್ಲದ ನಾರು ಒಳಗೆ ಹೋಗಿ ಸಿಕ್ಕಾಕೊಳ್ಳತ್ತೆ. ಊಟ ಆದ್ಮೇಲೆ ಕರುಳು ತಾನಾಗೇ ಅಲ್ಲಾಡೋ ಒಂದು ಸಮಯ ಇದೆ, ಬೆಳಗ್ಗೆ ತಿಂಡಿ ಆದ ಅರ್ಧ ಗಂಟೆಯಲ್ಲಿ ಅದು ಜೋರು, ಆವಾಗ ಹೋಗಿ ಕೂತ್ಕೊಳ್ಳಿ, ಬಂದಾಗ ತಡೀಬೇಡಿ. ಕಮೋಡ್ ಇದ್ರೆ ಕಾಲ ಕೆಳಗೆ ಸಣ್ಣ ಸ್ಟೂಲ್ ಇಟ್ಟು ಮೊಣಕಾಲು ಸೊಂಟಕ್ಕಿಂತ ಮೇಲೆ ಬರೋ ಹಾಗೆ ಕೂತು ಸ್ವಲ್ಪ ಮುಂದಕ್ಕೆ ಬಾಗಿ, ದಾರಿ ನೇರ ಆಗತ್ತೆ. ಮುಕ್ಕಿ ತಿಣುಕಬೇಡಿ, ಪೈಲ್ಸ್ ಬರೋದೇ ಅದರಿಂದ, ಬಂದಾಗಿದ್ರೆ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಕೂತ್ರೆ ತುಂಬಾ ಹಾಯ್ ಅನ್ಸತ್ತೆ. ಮಾತ್ರೆ, ಪುಡಿ ಬೇಕಾದ್ರೆ ಮಲದ ಗಾತ್ರ ಹೆಚ್ಚಿಸೋ ನಾರಿನ ಪುಡಿ, ನೀರು ಹಿಡಿದಿಡೋ ಲ್ಯಾಕ್ಟುಲೋಸ್ ಅಂಥವನ್ನ ಡಾಕ್ಟರ್ ಕೊಡ್ತಾರೆ. ಹರಳೆಣ್ಣೆ ಕುಡಿಯೋದು ಬೇಡವೇ ಬೇಡ, ಅದು ಕರುಳಿನ ಜೊತೆ ಗರ್ಭಕೋಶನೂ ಕೆರಳಿಸತ್ತೆ.

ಹೊಟ್ಟೆ ಉಬ್ಬರಕ್ಕೆ ಹೆಚ್ಚು ಹೇಳೋದಿಲ್ಲ. ನಿಧಾನ ಅಗಿದು ತಿನ್ನಿ, ಸೋಡಾ ಇರೋ ಡ್ರಿಂಕ್ಸ್ ಬಿಡಿ, ಊಟ ಆದ್ಮೇಲೆ ಹತ್ತು ನಿಮಿಷ ನಡೀರಿ, ಮಲಬದ್ಧತೆ ಸರಿ ಹೋದ್ರೆ ಇದೂ ಅರ್ಧ ಹೋಗತ್ತೆ.

ಈಗ ಎಲ್ಲದಕ್ಕಿಂತ ಮುಖ್ಯ ವಿಷಯ, ದಯವಿಟ್ಟು ಜೊತೆಗೆ ಬಂದಿರೋ ಗಂಡಸರೂ ಹಿರಿಯರೂ ಕೇಳಿಸ್ಕೊಳ್ಳಿ. ಕೆಲವು ವರ್ಷದ ಹಿಂದೆ ಎಂಟನೇ ತಿಂಗಳ ಒಬ್ಬ ಹುಡುಗಿ ಬಂದ್ಲು, ಮೊದಲ ಬಸುರು. ಎರಡು ದಿನದಿಂದ ಎದೆಗೂಡಿನ ಕೆಳಗೆ ಬಲಗಡೆ ನೋವು, ವಾಂತಿ. ಮನೇಲಿ ಗ್ಯಾಸ್ಟ್ರಿಕ್ ಅಂತ ಸಿರಪ್ ಕೊಟ್ಟಿದಾರೆ, ಕಮ್ಮಿ ಆಗಿಲ್ಲ, ಇನ್ನೊಂದು ಬಾಟಲಿ ತಂದಿದಾರೆ. ನಮ್ಮ ಕಡೆ ಬಂದಾಗಲೂ "ಗ್ಯಾಸ್ಟ್ರಿಕ್ ಅಷ್ಟೇ" ಅಂತಾನೇ ಅಂದ್ಲು. ಬಿಪಿ ನೋಡಿದ್ರೆ 170 ಮೇಲೆ. ತಲೆನೋವು ಇದೆಯಾ ಅಂದ್ರೆ ಇದೆ, ಕಣ್ಣು ಮಂಜಾ ಅಂದ್ರೆ ಹೂಂ. ಅದು ಗ್ಯಾಸ್ಟ್ರಿಕ್ ಅಲ್ಲ, ಪ್ರಿಎಕ್ಲಾಂಪ್ಸಿಯಾ, ಅಂದ್ರೆ ಬಸುರಿನಲ್ಲಿ ಬಿಪಿ ಏರಿ ಬೇರೆ ಅಂಗಗಳಿಗೂ ಪೆಟ್ಟು ಕೊಡೋ ಕಾಯಿಲೆ, ಲಿವರ್‌ಗೆ ಪೆಟ್ಟು ಬಿದ್ದು ಅಲ್ಲಿ ನೋವು ಬರ್ತಿತ್ತು. ಅವತ್ತೇ ರಾತ್ರಿ ಆಪರೇಷನ್ ಮಾಡಿ ಮಗು ತೆಗೆದ್ರು, ತಾಯಿ ಮಗು ಇಬ್ಬರೂ ಉಳಿದ್ರು, ಆದ್ರೆ ಆ ಎರಡು ದಿನ ನೆನೆಸ್ಕೊಂಡ್ರೆ ನನಗೆ ಈಗಲೂ ಕೈ ನಡುಗತ್ತೆ. ಐದು ತಿಂಗಳು ದಾಟಿದ್ಮೇಲೆ ಎದೆಗೂಡಿನ ಕೆಳಗೆ ಬಿಡದೆ ನೋವು, ಅದರ ಜೊತೆ ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಇದ್ರೆ, ಆಂಟಾಸಿಡ್‌ಗೆ ನೋವು ಬಗ್ಗದಿದ್ರೆ, ಮೊದಲು ಬಿಪಿ ನೋಡಿಸಿ.

ಇನ್ನೂ ಕೆಲವಿವೆ. ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ಕಡಿತ, ಮೈಮೇಲೆ ಗುಳ್ಳೆ ಏನೂ ಇಲ್ಲ ಅಂದ್ರೆ ಅದು ಪಿತ್ತರಸ ಸರಿಯಾಗಿ ಹರೀದೆ ಇರೋದ್ರಿಂದ ಇರ್ಬಹುದು, ರಕ್ತ ಪರೀಕ್ಷೆ ಬೇಕು. ಜಿಡ್ಡಿನ ಊಟ ಆದ್ಮೇಲೆ ಬಲಗಡೆ ಮೇಲ್ಭಾಗ ಹಿಂಡಿ ಭುಜಕ್ಕೆ ಹೋದ್ರೆ ಪಿತ್ತಕೋಶದ ಕಲ್ಲು ಇರ್ಬಹುದು. ಜ್ವರದ ಜೊತೆ ಒಂದೇ ಕಡೆ ಹೆಚ್ಚುತ್ತಾ ಹೋಗೋ ನೋವು ಅಪೆಂಡಿಕ್ಸ್ ಇರ್ಬಹುದು. ಇನ್ನೂ ಸ್ಕ್ಯಾನಿಂಗೇ ಆಗದ ಶುರುವಿನ ವಾರಗಳಲ್ಲಿ ಕಿಬ್ಬೊಟ್ಟೆ ಒಂದು ಪಕ್ಕ ನೋವು, ಭುಜದ ತುದಿ ನೋವು, ತಲೆ ಸುತ್ತು ಅಂದ್ರೆ ಗ್ಯಾಸ್ ಅಂತ ಕೂರಬಾರದು, ಬಸುರು ಗರ್ಭಕೋಶದ ಬದಲು ಅದರ ಪಕ್ಕದ ಟ್ಯೂಬಿನಲ್ಲಿ ಕೂತಿರ್ಬಹುದು, ತಕ್ಷಣ ಹೊರಡ್ಬೇಕು. ಕೊನೇ ತಿಂಗಳುಗಳಲ್ಲಿ ಭೇದಿ ತರ ಹಿಂಡಿ ಹಿಂಡಿ ಬಿಡೋ ನೋವು ಲೆಕ್ಕ ಇಟ್ಟ ಹಾಗೆ ಬಂದ್ರೆ ಅದು ಹೆರಿಗೆ ನೋವಿನ ಶುರುವೂ ಇರ್ಬಹುದು. ಮಗು ಅಲ್ಲಾಡೋದು ಕಮ್ಮಿ ಆದ್ರಂತೂ ಬೇರೆ ಏನೂ ಯೋಚನೆ ಬೇಡ, ಆಸ್ಪತ್ರೆಗೆ ಹೋಗಿ. ಹೋಗಿ ಏನೂ ಇಲ್ಲ ಅಂತ ವಾಪಸ್ ಬಂದ್ರೆ ಯಾರೂ ನಿಮ್ಮನ್ನ ತಪ್ಪು ತಿಳ್ಕೊಳ್ಳಲ್ಲ, ಆ ನಾಚಿಕೆ ಬಿಟ್ಟುಬಿಡಿ.

ಕೊನೇಲಿ ಇಲ್ಲಿ ಮುಂದೆ ಕೂತಿರೋ ತಾಯಿ ಕೇಳಿದ್ದು, ಹೆರಿಗೆ ಆದ ತಕ್ಷಣ ಇದೆಲ್ಲ ಹೋಗತ್ತಾ ಅಂತ. ವಾಕರಿಕೆ, ಎದೆಯುರಿ ಹೆಚ್ಚಿನವರಿಗೆ ಒಂದೆರಡು ದಿನದಲ್ಲೇ ಹೋಗತ್ತೆ, ಮಾಸು ಹೊರಗೆ ಬಂದ ಕೂಡಲೇ ಹಾರ್ಮೋನ್ ಧಡ್ ಅಂತ ಇಳಿಯತ್ತೆ. ಮಲಬದ್ಧತೆ ಮಾತ್ರ ಅಷ್ಟು ಬೇಗ ಬಿಡಲ್ಲ, ಐರನ್ ಮುಂದುವರಿದಿರತ್ತೆ, ಹೊಲಿಗೆ ಇದ್ರೆ ಬಿಚ್ಚಿಹೋಗತ್ತೇನೋ ಅನ್ನೋ ಭಯಕ್ಕೆ ತಡ್ಕೊಂಡು ತಡ್ಕೊಂಡು ಇನ್ನೂ ಗಟ್ಟಿ ಮಾಡ್ಕೋತಾರೆ. ಹೊಲಿಗೆ ಹಾಗೆಲ್ಲ ಬಿಚ್ಚಲ್ಲ. ಒಂದು ಶುಭ್ರವಾದ ಬಟ್ಟೆ ಅಥವಾ ಪ್ಯಾಡ್ ಮಡಚಿ ಹೊಲಿಗೆ ಇರೋ ಜಾಗಕ್ಕೆ ಮುಂದಿನಿಂದ ಮೆಲ್ಲಗೆ ಒತ್ತಿ ಹಿಡ್ಕೊಂಡು ಕೂತ್ಕೊಳ್ಳಿ, ಬಿಚ್ಚತ್ತೆ ಅನ್ನೋ ಭಯ ಹೋಗತ್ತೆ, ಮತ್ತೆ ಮೋಷನ್ ಮೆತ್ತಗಾಗೋ ಔಷಧಿ ಬೇಕಾ ಅಂತ ಡಿಸ್ಚಾರ್ಜ್ ಆಗೋ ಮುಂಚೆನೇ ವಾರ್ಡಿನ ಸಿಸ್ಟರ್‌ನ ಕೇಳಿ ಇಸ್ಕೊಂಡು ಹೋಗಿ.